ಕಂಠದತನಕ ತುಂಬಿದ ಬಾಟಲಿ

ನೌಬಾದದ ಮುಸರ್ರತ ಮೇಡಂ ಗಿಣ್ಣ ಮಾಡಿ ಮಾರುತ್ತಾರೆಂದು ನಾನು ಪೂರಾ ಒಂದು ವಾರ ನಂಬಿದ್ದೆ. ತಪ್ಪು ನನ್ನದಲ್ಲ, ಕಿಟಕಿಯದು. ಬಸ್ಸಿಗೆ ಕಾಯುತ್ತ ನಿಂತಾಗಲೆಲ್ಲ ಆ ಕಿಟಕಿಯ ಗಾಜಿನಾಚೆ ಒಬ್ಬ ಹೆಂಗಸು ಹಬೆಯಾಡುವ ತಿಳಿಹಳದಿ ರಸವನ್ನು ಸಣ್ಣ ಸಣ್ಣ ಗಾಜಿನ ತಟ್ಟೆಗಳಿಗೆ ಸುರಿದು, ಗಟ್ಟಿಯಾಗಲು ಬಿಡುತ್ತಿದ್ದರು. ಎಂಟನೆಯ ದಿನ ತಡೆಯಲಾರದೆ ಒಳಗೇ ಹೋದೆ.

"ಅರ್ಧ ಕಿಲೋ ಕಟ್ಟಿಕೊಡ್ರಿ."

"ಇದು ಕ್ರಿಮಿಗಳ ಊಟಾರೀ, ನಿಮ್ಮದಲ್ಲ," ಎಂದರು ತಲೆಯೆತ್ತದೆ. "ಮೊದಲ ಚಪ್ಪಲಿ ಹೊರಗ ಬಿಡ್ರಿ."

ಅದು ಪ್ರಯೋಗಾಲಯ. ಫಿನೈಲು, ಕೈ ತೊಳೆಯುವ ದ್ರವ, ಗಾಯದ ಔಷಧ, ಹೀಗೆ ಕ್ರಿಮಿಗಳ ಮೇಲೆ ಯುದ್ಧ ಸಾರಿದ ದ್ರವಗಳೆಲ್ಲ ಅಲ್ಲಿಗೆ ಪರೀಕ್ಷೆಗೆ ಬರುತ್ತವೆ. ಮೇಡಂ ಆ ಗಿಣ್ಣದ ಮೇಲೆ ಕ್ರಿಮಿಗಳನ್ನು ಸವರಿ, ನಡುವೆ ಸಣ್ಣ ಕುಳಿ ಕೊರೆದು, ಕುಳಿಗೆ ದ್ರವ ಬಿಟ್ಟು, ಒಂದು ದಿನ ಬೆಚ್ಚಗಿನ ಕಪಾಟಿನಲ್ಲಿಡುತ್ತಾರೆ. ದ್ರವದಲ್ಲಿ ತಾಕತ್ತಿದ್ದರೆ ಕುಳಿಯ ಸುತ್ತ ಕ್ರಿಮಿ ಬೆಳೆಯದ ಖಾಲಿ ಉಂಗುರ ಮೂಡುತ್ತದೆ. ಇಲ್ಲದಿದ್ದರೆ ಕ್ರಿಮಿಗಳು ಕುಳಿಯ ದಂಡೆಗೇ ಬಂದು ಸಂಸಾರ ಹೂಡುತ್ತವೆ.

ಮೇಡಂ ಅವರ ತಂದೆ ಅಬ್ದುಲ ಸಮದರು ಬೀದರದ ಹಳೆ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮುಗಿದ ಪಾತ್ರೆಯನ್ನು ಬಿಸಿಲಿಗೆ ಹಿಡಿದು, ಜೋಳದ ಕಾಳಿನಷ್ಟು ಮಂಕು ಕಂಡರೂ ಮತ್ತೆ ಬೆಂಕಿಗಿಡುತ್ತಿದ್ದರಂತೆ. ಆ ಕಣ್ಣು ಮಗಳಿಗೆ ಬಂದಿದೆ. ಬೆಳಿಗ್ಗೆ ಬಳೆ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ಹಾಕಿದರೆಂದರೆ, ಸಾಕ್ಷಾತ್ ಜಿಲ್ಲಾಧಿಕಾರಿ ಬಂದರೂ ಮಾತಿಲ್ಲ. ಹದಿನೇಳು ವರ್ಷದಿಂದ ಇದೇ ರೂಢಿ.

ಹೋದ ವರ್ಷ ಔರಾದದ ಕಾವೇರಿಬಾಯಿಯವರ ಸಂಘದ ಹೆಂಗಸರು ಬೇವಿನೆಲೆಯಿಂದ ಕೈ ತೊಳೆಯುವ ದ್ರವ ಮಾಡಿದರು. ಭಾಲ್ಕಿಯ ಬಾಲಕಿಯರ ಹಾಸ್ಟೆಲಿನವರು ವರ್ಷವಿಡೀ ಕೊಳ್ಳುತ್ತೇವೆಂದರು. ಆದರೆ ಸೋಮವಾರದೊಳಗೆ ಪರೀಕ್ಷೆಯ ವರದಿ ಬೇಕು, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಹನ್ನೊಂದು ಮನೆಯ ದುಡಿಮೆ ಆ ಕಾಗದದ ಮೇಲೆ ನಿಂತಿತ್ತು. ಭಾಷಣಕಾರನೆಂಬ ಹೆಸರಿದ್ದುದರಿಂದ ಆ ದ್ರವದ ಬಿಡುಗಡೆ ಸಮಾರಂಭಕ್ಕೆ ಮುಖ್ಯ ಅತಿಥಿ ನಾನು. ವರದಿ ಬರುವ ಮೊದಲೇ ಭಾಷಣ ಬರೆದು, "ಮಹಾಕ್ರಾಂತಿ" ಎಂಬ ಪದವನ್ನು ಅದರಲ್ಲಿ ನಾಲ್ಕು ಕಡೆ ಕೂರಿಸಿದ್ದೆ.

ಗುರುವಾರ ಕಾವೇರಿಬಾಯಿ ಒಂದು ಬಾಟಲಿ ಪರೀಕ್ಷೆಗೆ ಕೊಟ್ಟು ಹೋಗಿದ್ದರು. ಶುಕ್ರವಾರ ಅವರ ಜೊತೆ ಫಲಿತಾಂಶ ಕೇಳಲು ಹೋದೆ. ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದರು. ಉಂಗುರವಿಲ್ಲ! ಹೋಲಿಸಿ ನೋಡಲೆಂದು ಪಕ್ಕದ ಕುಳಿಗೆ ಬರೀ ನೀರು ಬಿಟ್ಟಿದ್ದರು. ಎರಡೂ ಕುಳಿ ಅವಳಿಜವಳಿಯಂತಿದ್ದವು.

ಕಾವೇರಿಬಾಯಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಮುಖ್ಯ ಅತಿಥಿಯ ಗತ್ತಿನಲ್ಲಿ ಮುಂದೆ ಬಂದೆ.

"ಮೇಡಂ, ಸಣ್ಣದೊಂದು ಉಂಗುರ ಕಂಡಂಗ ಬರೀರಲ್ಲ. ಪಾಪ, ಹೆಣ್ಮಕ್ಕಳು."

"ಹಾಸ್ಟೆಲಿನ್ಯಾಗ ಇರೋರೂ ಹೆಣ್ಮಕ್ಕಳೇ ರೀ ಸಾಬ್. ಅವರಿಗೆ ಏನಂತ ಹೇಳ್ಲಿ?"

ನಾನು ಹಿಂದೆ ಸರಿದೆ. ಮೇಡಂ ಕಾವೇರಿಬಾಯಿಯತ್ತ ತಿರುಗಿದರು. "ಮೌಶಿ, ಇದು ಬೇವಿನ ರಸ ಇದ್ದಂಗಿಲ್ಲ, ನೀರಿದ್ದಂಗ ಅದ. ಬಾಟ್ಲಿ ಹ್ಯಾಂಗ ತುಂಬಿದ್ರಿ, ಖರೇ ಹೇಳ್ರಿ."

"ಎಲ್ಲಾ ಹಂಚಿ ಬಾಟ್ಲಿ ತಳದಾಗ ಎರಡು ಬೆರಳಷ್ಟೇ ರಸ ಉಳದಿತ್ರಿ, ಬಾಯಿ. ಮೊದಲನೇ ಸಲ ಮನಿಯಿಂದ ಹೊರಗ ಹೋಗೋ ಸರಕು, ಅರ್ಧಂಬರ್ಧ ಕೊಡ್ತಾರೇನ್ರಿ? ಶುಭ ಅಲ್ಲ. ನೀವೂ ದೊಡ್ಡೋರು. ಬೋರಿನ ನೀರು ಹಾಕಿ ಕಂಠದತನಕ ತುಂಬಿಸಿದೆ."

ಮೇಡಂ ತಟ್ಟೆ ಮೇಜಿನ ಮೇಲಿಟ್ಟು ನಕ್ಕರು ನೋಡಿ, ಬೆಚ್ಚಗಿನ ಕಪಾಟಿನ ಬಾಗಿಲೂ ಗಡಗಡ ಅಂದಿತು. "ಅಯ್ಯ ಮೌಶಿ! ನಿನ್ನಿಯಿಂದ ನಾ ನಿಮ್ಮ ಬೋರಿಗಿ ಪರೀಕ್ಷಾ ಕೊಡಸ್ಲಿಕತ್ತೇನಿ! ಹೋಗ್ರಿ, ನಾಳೆ ತಾಜಾ ರಸ ತರ್ರಿ. ಒಂದೇ ಚಮಚ ಸಾಕು. ಶುಭ ಅಶುಭ ನಾ ನೋಡ್ಕೋತೇನಿ."

ಶನಿವಾರ ಮೊದಲ ಬಸ್ಸಿಗೇ ಕಾವೇರಿಬಾಯಿ ಬಂದರು. ಬಾಟಲಿಯ ಕಾಲು ಭಾಗವೂ ತುಂಬಿರಲಿಲ್ಲ. ಕೊಡುವಾಗ ನಾಚಿಕೆಯಿಂದ ಸೆರಗಿನಲ್ಲಿ ಮುಚ್ಚಿಯೇ ಕೊಟ್ಟರು. ಭಾನುವಾರ ರಜೆಯಲ್ಲವೇ ಎಂದು ನಾನು ಕೇಳಿದ್ದಕ್ಕೆ ಮೇಡಂ, "ಕ್ರಿಮಿಗಳಿಗೆ ಸುಟ್ಟಿ ಇಲ್ರಿ" ಎಂದರು.

ಭಾನುವಾರ ತಟ್ಟೆ ಹೊರಬಂತು. ಕುಳಿಯ ಸುತ್ತ ಚೊಕ್ಕ ಉಂಗುರ, ಹುಣ್ಣಿಮೆಯ ಹಾಗೆ. ಮೇಡಂ ಸ್ಕೇಲು ಇಟ್ಟು ಮೂರು ಸಲ ಅಳೆದರು. ಹದಿನಾರು ಮಿಲಿಮೀಟರ್. ಕಾವೇರಿಬಾಯಿ ಮೇಡಂ ಅವರ ಎರಡೂ ಕೈ ಹಿಡಿದು ಕುಣಿಸಿಬಿಟ್ಟರು. ವರದಿಗೆ ಸಹಿ ಬಿತ್ತು, ಸಮಾರಂಭ ಗಟ್ಟಿಯಾಯಿತು.

ನನಗೂ ಹುರುಪು ಬಂತು. "ಮೇಡಂ, ವೇದಿಕೆ ಮೇಲೆ ಜನರಿಗೆ ನಂಬಿಕೆ ಬರೋ ಹಂಗ, ನಾನೇ ಒಂದು ಗುಟುಕು ಕುಡಿದು ತೋರಿಸಲೇನ್ರಿ?"

"ಕುಡೀರಿ," ಎಂದರು ಮುಸರ್ರತ ಮೇಡಂ. "ಆದ್ರ ಆ ಟೆಸ್ಟ್ ನಾ ಮಾಡಂಗಿಲ್ಲ, ದವಾಖಾನ್ಯಾಗ ಮಾಡ್ತಾರ."