ಶೋಭಾನೆ ಹಾಡಿಗೆ ಮೈಕು ಆಯ್ದುಕೊಂಡದ್ದು

ಕುತ್ತಿಗೆಯಲ್ಲಿ ಗಂಟು ಇದೆಯೆಂದು ನನಗೆ ಬಹಳ ಕಾಲದಿಂದ ಗೊತ್ತಿತ್ತು. ಸೆರಗನ್ನು ಒಂದಿಷ್ಟು ಮೇಲಕ್ಕೆ ಎಳೆದುಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ಅದು ದೊಡ್ಡದಾಗಿ, ಮಲಗಿದರೆ ಉಸಿರು ಸಿಕ್ಕಿಕೊಂಡಂತಾಗತೊಡಗಿದ ಮೇಲೆ ಮಗಳು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಥೈರಾಯ್ಡ್ ಗಂಟು, ತೆಗೆಯಲೇಬೇಕು ಎಂದರು. ಕೆಟ್ಟ ಗಂಟಲ್ಲ ಎಂದು ಸಮಾಧಾನವನ್ನೂ ಹೇಳಿದರು. ನಾವು ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಸ್ವರಕ್ಕೆ ಸಂಬಂಧಿಸಿದ ನರ ಆ ಗಂಟಿನ ಬೆನ್ನಿಗೇ ಹಾದುಹೋಗುತ್ತದೆ, ಜಾಗ್ರತೆಯಿಂದಲೇ ಮಾಡುತ್ತೇವೆ, ಆದರೂ ಸ್ವರ ಬದಲಾಗಬಹುದು, ಕೆಲವರಿಗೆ ಮೊದಲಿನ ಹಾಗೆ ಬರುವುದೇ ಇಲ್ಲ ಎಂದರು.

ಮಗಳು ಆಟೋದಲ್ಲಿ ಅತ್ತಳು. ನಾನು ಅಣ್ಣಾ ನಗರ್ ಬರುವವರೆಗೂ ಹೊರಗೆ ನೋಡುತ್ತ ಕುಳಿತಿದ್ದೆ. ನಾನೇನು ಭಾಷಣ ಮಾಡುವವಳೇ, ಸಭೆಯಲ್ಲಿ ಹಾಡುವವಳೇ? ನನ್ನ ಸ್ವರ ಹೋದರೆ ಯಾರಿಗೆ ಗೊತ್ತಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಸ್ವರದ ಜೊತೆ ಹಾಡುಗಳೂ ಹೋಗುತ್ತವೆ ಎನ್ನುವುದು ಹೊಳೆಯಿತು.

ಯಾವ ಹಾಡು ಎಂದು ನೀವು ಕೇಳುತ್ತೀರಿ ಮೊಮ್ಮಕ್ಕಳೇ, ಏಕೆಂದರೆ ಆವರೆಗೆ ನಾನು ಹಾಡಿದ್ದನ್ನು ನೀವು ಕೇಳಿಯೇ ಇರಲಿಲ್ಲ. ಕುಂದಾಪುರದ ಕಡೆ ನಮ್ಮ ಮನೆಗಳಲ್ಲಿ ಮದುವೆ ಎಂದರೆ ಹೆಂಗಸರು ಶೋಭಾನೆ ಹೇಳಬೇಕು. ಎಣ್ಣೆ ಹಚ್ಚುವುದಕ್ಕೊಂದು ಹಾಡು, ಮದುಮಗಳನ್ನು ಹಸೆಗೆ ಕರೆಯುವುದಕ್ಕೊಂದು, ಬೀಗರನ್ನು ಹಾಸ್ಯ ಮಾಡುವುದಕ್ಕೊಂದು, ಕೊನೆಗೆ ಆರತಿಗೊಂದು. ಒಬ್ಬಳು ಒಂದು ಸಾಲು ಹೇಳುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತವಳು. ಅಲ್ಲಿ ಎದ್ದು ನಿಂತು ಪದ್ಯ ಹೇಳೆಂದರೆ ಬಾಯಿ ಒಣಗುತ್ತಿತ್ತು. ಆದರೆ ಅಮ್ಮನ ಬೆನ್ನ ಹಿಂದೆ ಕುಳಿತು ಕೇಳಿದ ಈ ಹಾಡುಗಳು ಹೇಗೋ ಉಳಿದುಕೊಂಡವು. ಮದುವೆಯಾಗಿ ಈ ತಮಿಳು ಊರಿಗೆ ಬಂದ ಮೇಲೆ, ನಿಮ್ಮ ಅಜ್ಜ ಮತ್ತು ಅವರ ಅಣ್ಣ ತ್ರಿಪ್ಲಿಕೇನಿನಲ್ಲಿ ಹೋಟೆಲು ನಡೆಸುತ್ತಿದ್ದಾಗ, ನಮ್ಮ ಕಡೆಯ ಹೋಟೆಲಿನವರ ಮನೆ ಮದುವೆಗಳಲ್ಲೆಲ್ಲ ಸಾಲು ಹೇಳುವವಳು ನಾನೇ ಆದೆ. ಗುಂಪಿನ ನಡುವೆ ತಲೆ ತಗ್ಗಿಸಿ ಕುಳಿತು ಹೇಳುವುದಾದ್ದರಿಂದ ನಾಚಿಕೆ ಅಡ್ಡ ಬರಲಿಲ್ಲ. ನನ್ನ ಸಾಲನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುತ್ತಿದ್ದವಳು ನನ್ನ ಓರಗಿತ್ತಿ, ಅಜ್ಜನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುವುದು.

ನಿಮ್ಮ ಅಜ್ಜ ಹೋದ ಮೇಲೆ ನಾನು ಹಾಡುವುದನ್ನು ಬಿಟ್ಟೆ. ಗಂಡ ಸತ್ತವಳು ಹಸೆಯ ಮುಂದೆ ಶೋಭಾನೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾದ ಸಂದರ್ಭ ಅವರಿಗೆ ಬಾರದಿರಲಿ ಎಂದು ನಾನೇ ಹಿಂದೆ ಸರಿದೆ. ಮದುವೆಮನೆಯ ಉಗ್ರಾಣದಲ್ಲಿ ಕುಳಿತು ವೀಳ್ಯದೆಲೆ ಒರೆಸುತ್ತಿದ್ದೆ. ಹೊರಗೆ ಹಾಡುವವರಿಗೆ ಸಾಲು ಮರೆತರೆ ಯಾರಾದರೂ ಒಳಗೆ ಓಡಿ ಬರುತ್ತಿದ್ದರು, ನಾನು ಮೆಲ್ಲಗೆ ಹೇಳಿ ಕಳಿಸುತ್ತಿದ್ದೆ. ಈಗೀಗ ಹಾಗೆ ಬರುವವರೂ ಇಲ್ಲ, ಮಂಟಪದಲ್ಲಿ ಸ್ಪೀಕರ್ ಹಾಡುತ್ತದೆ.

ಇದನ್ನೆಲ್ಲ ನಿಮ್ಮಲ್ಲಿ ದೊಡ್ಡವಳಿಗೆ ಹೇಳಿದ್ದು ಅವಳ ಅಮ್ಮ, ನನ್ನ ಮಗಳು. ದೊಡ್ಡವಳು ಕಾಲೇಜಿಗೆ ಹೋಗುತ್ತ ಪಿಟೀಲು ಕಲಿಯುತ್ತಾಳೆ. ನುಡಿಸಿದ್ದನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ.

"ಅಮ್ಮಮ್ಮ, ಆಪರೇಷನ್‌ಗೆ ಮುಂಚೆ ಎಲ್ಲಾ ಹಾಡೂ ರೆಕಾರ್ಡ್ ಪಣ್ಣಿ ಇಟ್ಕೊಳ್ಳೋಣ. ಸರಿಯಾ?" ಎಂದಳು ತನ್ನ ತಮಿಳು ಬೆರೆತ ಕನ್ನಡದಲ್ಲಿ.



ಅವಳ ಹತ್ತಿರ ಇದ್ದದ್ದು ಪಿಟೀಲಿಗೆ ಕಚ್ಚಿಸುವ ಪುಟ್ಟ ಮೈಕು, ಅದು ಹಾಡಿಗೆ ಆಗದು. ಹಾಗಾಗಿ ಗೆಳತಿಯ ಮನೆಯಿಂದ ಒಂದು ಮೈಕು ತಂದಳು. ಕಾಫಿ ಲೋಟದಷ್ಟು ದಪ್ಪ, ಮೇಲೆ ಜಾಲರಿ. ಕಿಟಕಿಗೆ ಕಂಬಳಿ ತೂಗುಹಾಕಿ, ಫ್ಯಾನು ಆರಿಸಿ, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಅದನ್ನು ನಿಲ್ಲಿಸಿದಳು. ಬೆವರು ಇಳಿಯತೊಡಗಿತು. ಶಾಲೆಗೆ ಇನ್‌ಸ್ಪೆಕ್ಟರು ಬಂದು ಎದುರಿಗೇ ಕುಳಿತ ಹಾಗಿತ್ತು. ಹೇಗೋ ಒಂದು ಸಾಲು ಹೇಳಿದೆ. ಅಭ್ಯಾಸದಂತೆ ತಲೆ ಪಕ್ಕಕ್ಕೆ ತಿರುಗಿಸಿ, ಯಾರಾದರೂ ತಿರುಗಿ ಹೇಳಲಿ ಎಂದು ಕಾದೆ. ಯಾರೂ ಇರಲಿಲ್ಲ, ಮುಂದಿನ ಸಾಲೂ ಬರಲಿಲ್ಲ. ಹಾಡು ನನ್ನೊಳಗೆ ಇರುವುದೇ ಹಾಗೆ. ಉಳಿದವರು ಒಂದು ಸಾಲು ಹೇಳಿ ಮುಗಿಸುವಷ್ಟರಲ್ಲಿ ಮುಂದಿನದು ತಾನಾಗಿ ನಾಲಗೆಗೆ ಬರುತ್ತದೆ. ಅವರು ಹೇಳದಿದ್ದರೆ ನನಗೂ ಗೊತ್ತಿಲ್ಲ.

ದೊಡ್ಡವಳು ತಾನೇ ತಿರುಗಿ ಹೇಳಿ ನೋಡಿದಳು. ಇಂಪಾಗಿಯೇ ಇತ್ತು. ಆದರೆ ಅವಳ ಎಳೆತ ಪಿಟೀಲಿನ ಪಾಠದ್ದು, ನನ್ನ ಧಾಟಿ ಅದರ ಹಿಂದೆ ಹೋಗಿ ಎಲ್ಲೋ ತಪ್ಪಿಸಿಕೊಂಡಿತು.

"ಅಕ್ಕ ಬೇಕು," ಎಂದೆ.

"ದೊಡ್ಡಜ್ಜಿಯಾ? ಹಾಗಾದ್ರೆ ಈ ಮೈಕ್ ಆಗಲ್ಲ ಅಮ್ಮಮ್ಮ. ನೀವಿಬ್ರೂ ಇದಕ್ಕೆ ಮೂಗು ತಾಗಿಸ್ಕೊಂಡು ಕೂರ್ಬೇಕಾಗತ್ತೆ. ನೀವು ತಲೆ ತಿರುಗಿಸಿದ್ರೆ ವಾಯ್ಸೇ ಮಂಕಾಗ್ತಿದೆ."

ಹೀಗೆ ನಾವಿಬ್ಬರೂ ಮೌಂಟ್ ರೋಡಿನ ಹಿಂದಿನ ಬೀದಿಯಲ್ಲಿರುವ ಒಂದು ಅಂಗಡಿಗೆ ಹೋದೆವು. ಅವಳು ಹುಡುಕುತ್ತಿದ್ದದ್ದು ಚಿಕ್ಕ ಡಯಾಫ್ರಮ್ಮಿನ ಕಂಡೆನ್ಸರ್ ಮೈಕು. ಸದ್ದು ಬಿದ್ದಾಗ ನಡುಗುವ ಒಂದು ಪೊರೆ ಮೈಕಿನ ಒಳಗೆ ಇರುತ್ತದಂತೆ. ದೊಡ್ಡ ಮೈಕಿನಲ್ಲಿ ಅದು ಅಗಲ, ಈ ಜಾತಿಯದರಲ್ಲಿ ಕುಪ್ಪಸದ ಗುಂಡಿಯಷ್ಟು. ಮೈಕೇ ದಪ್ಪ ಪೆನ್ಸಿಲಿನ ಹಾಗೆ ಕಾಣುತ್ತದೆ. ಸ್ವಲ್ಪ ದೂರ ಇಡಬಹುದು, ಹಾಡುವವರು ಅತ್ತಿತ್ತ ತಿರುಗಿದರೂ ಸ್ವರದ ಬಣ್ಣ ಅಷ್ಟಾಗಿ ಕೆಡುವುದಿಲ್ಲ ಎಂದಳು.

ಅಂಗಡಿಯವನು ಒಪ್ಪಲಿಲ್ಲ. "ವಾಯ್ಸ್‌ಗೆ ಪೆರಿಸು ದಾನ್ ಮಾ," ಸ್ವರಕ್ಕೆ ದೊಡ್ಡದೇ ಸರಿ ಎಂದು ಅವನ ವಾದ. ಸಣ್ಣದರಲ್ಲಿ ಸುಯ್ಯೆನ್ನುವ ತೆಳು ಸದ್ದು ಜಾಸ್ತಿ, ಅದು ವಾದ್ಯಕ್ಕೆ, ಮನೆಯಲ್ಲಿಟ್ಟರೆ ಬೀದಿಯ ಹಾರ್ನನ್ನೂ ಹಿಡಿಯುತ್ತದೆ ಎಂದ. ಕೊನೆಗೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನನ್ನ ಕಡೆ ತಿರುಗಿದ. "ಏದಾವದು ಪೇಸುಂಗ ಪಾಟಿ."

ಏನಾದರೂ ಮಾತಾಡಿ ಅಜ್ಜಿ ಎಂದರೆ ನಾನು ಏನು ಮಾತಾಡಲಿ? "ಊಟ ಆಯ್ತಾ?" ಎಂದೆ.

"ಇನ್ನುಂ ಇಲ್ಲೆ ಪಾಟಿ!" ಎಂದು ಅವನು ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಎದ್ದು ಹೋಗೋಣ ಎನಿಸಿತು.

ಆಮೇಲೆ ದೊಡ್ಡವಳು ನನ್ನ ಕಿವಿಗೆ ಹೆಡ್‌ಫೋನು ಇಟ್ಟು ಎರಡನ್ನೂ ಕೇಳಿಸಿದಳು. ದೊಡ್ಡ ಮೈಕಿನಲ್ಲಿ ನನ್ನ ಸ್ವರ ತುಂಬಿಕೊಂಡು, ಹತ್ತಿರ ಬಂದು, ರೇಡಿಯೋದವರ ಸ್ವರದಂತೆ ಕೇಳಿತು. ಇದು ನಾನೇ ಎಂದು ನಂಬಿಕೆ ಬರಲಿಲ್ಲ, ಆದರೆ ಹಿತವಾಗಿತ್ತು. ಸಣ್ಣದರಲ್ಲಿ ಅಂಗಡಿಯ ಏಸಿಯ ಗುಂಯ್ ಸದ್ದು ಕೇಳಿತು, ಮೊಮ್ಮಗಳ ಬಳೆ ಕೇಳಿತು. ನಡುವೆ ನನ್ನ ಉಸಿರು ಗಂಟಿಗೆ ತಾಗಿ ಒಳಗೆ ಹೋಗುವ ಸಣ್ಣ ಸೀಳು ಸದ್ದೂ ಕೇಳಿತು. ಅಷ್ಟು ದಿನ ಸೆರಗಿನಲ್ಲಿ ಮುಚ್ಚಿಟ್ಟದ್ದನ್ನು ಅದು ಒಂದೇ ಮಾತಿನಲ್ಲಿ ಹೊರಗೆ ಹಾಕಿತ್ತು. ನನಗೆ ಭಯವಾಯಿತು.

"ದೊಡ್ಡದೇ ಚೆಂದ," ಎಂದೆ.

"ಚೆಂದ ಇದೆ. ಆದ್ರೆ ಅದರ ಮುಂದೆ ನಿಮಗೆ ಹಾಡೋಕಾಗತ್ತಾ?"

ನಾನು ಸ್ಟ್ಯಾಂಡಿನ ಮೇಲಿದ್ದ ಸಣ್ಣದನ್ನು ನೋಡಿದೆ. ಅದಕ್ಕೆ ಮುಖವೇ ಇರಲಿಲ್ಲ. ನನ್ನನ್ನು ದಿಟ್ಟಿಸದೆ ಪಕ್ಕದಲ್ಲಿ ಇರಬಲ್ಲದು ಎನಿಸಿತು. ಅಕ್ಕನೂ ನಾನೂ ಮೊದಲಿನಂತೆ ಮಂಡಿಗೆ ಮಂಡಿ ತಾಗಿಸಿ ಕೂರಬಹುದು. ಉಸಿರಿನ ಸದ್ದು ಬಂದರೆ ಬರಲಿ. "ಇದನ್ನೇ ತೆಗೋ," ಎಂದೆ. ಇಂಥವನ್ನು ಜೋಡಿಯಾಗಿ ಕೊಳ್ಳುವುದೇ ಕ್ರಮ ಎಂದು ಅಂಗಡಿಯವನು ಮತ್ತೆ ಶುರುಮಾಡಿದ. ದೊಡ್ಡವಳು ಒಂದೇ ಸಾಕೆಂದಳು.

ಆಸ್ಪತ್ರೆಗೆ ಸೇರುವ ಹಿಂದಿನ ಭಾನುವಾರ ಬೆಳಿಗ್ಗೆ ಅಳಿಯ ಕಾರಿನಲ್ಲಿ ಅಕ್ಕನನ್ನು ಕರೆತಂದ. ಮುಡಿಗೆ ಮಲ್ಲಿಗೆ, ಹಣೆಯಲ್ಲಿ ಅಗಲ ಕುಂಕುಮ. ಹಾಲಿನಲ್ಲಿ ಚಾಪೆ ಹಾಸಿತ್ತು, ಮೈಕು ಒಂದು ಮೊಳ ಆಚೆ ನಮ್ಮ ಕಡೆ ಬಾಗಿ ನಿಂತಿತ್ತು.

"ಇದೆಂತ ಹೆಣೆ, ಪೆನ್ಸಿಲ್ ನಿಲ್ಸಿಟ್ಟಿದ್ರಿ? ಇದ್ಕೆ ಕಿವಿ ಎಲ್ಲಿತ್ತ್?" ಎಂದಳು ಅಕ್ಕ.

"ತುದೀಲಿ, ದೊಡ್ಡಜ್ಜಿ. ನೀವು ಅಲ್ಲಿಂದ ಗೊಣಗಿದ್ರೂ ಇದಕ್ಕೆ ಕೇಳತ್ತೆ."

"ಹಂಗಾರೆ ನಿನ್ನಜ್ಜಿಗೆ ಬಯ್ಯೂಕೂ ಆತಿಲ್ಲ!"

ಎಣ್ಣೆಯ ಹಾಡು ಹೇಳಿದೆವು. ಮೊದಲ ಸಾಲಿಗೆ ನನ್ನ ಸ್ವರ ಅದುರಿತು. ಅಕ್ಕ ಅದನ್ನು ಎತ್ತಿಕೊಂಡು ಹೇಳಿದ್ದೇ ತಡ, ಮುಂದಿನದು ಬಂತು, ಅದರ ಮುಂದಿನದೂ ಬಂತು. ಕಣ್ಣು ಮುಚ್ಚಿಕೊಂಡೆ. ಹಸೆಗೆ ಕರೆಯುವುದು ಆಯಿತು. ಬೀಗಿತ್ತಿಯ ಮೂಗನ್ನು ಆಡಿಕೊಳ್ಳುವ ಹಾಡಿನಲ್ಲಿ ಅಕ್ಕ ನಕ್ಕು ಸಾಲು ತಪ್ಪಿಸಿದಳು. ನಡುವೆ ಕೀರೆ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು. ದೊಡ್ಡವಳು ಕೈಸನ್ನೆಯಲ್ಲೇ ಮುಂದುವರಿಸಿ ಎಂದಳು.

ಆರತಿ ಹಾಡಿಗೆ ನಾನು ಬಾಯಿ ತೆರೆದಾಗ ಅಕ್ಕ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಅದ್ ಬ್ಯಾಡ ಹೆಣೆ. ಬೇರೆದ್ದೆಲ್ಲಾ ಇರ್ಲಿ, ಆರ್ತಿ ಹಾಡ್ ಮುತ್ತೈದೇರದ್ದ್, ನೀ ಹೇಳೂಕಾಗ."

"ಯಾಕೆ?" ಎಂದಳು ದೊಡ್ಡವಳು.

ಅಕ್ಕ ಅವಳ ಕಡೆ ನೋಡಲಿಲ್ಲ. ನಾನೇ ಹೇಳಿದೆ, "ಇಲ್ಲಿ ಮದುಮಗಳಿಲ್ಲ, ಹಸೆ ಇಲ್ಲ, ಆರತಿ ತಟ್ಟೆಯೂ ಇಲ್ಲ ಅಕ್ಕ. ಯಾರಿಗೆ ಎಂತ ಆತ್?"

"ಇವತ್ತಿಲ್ಲ. ನಾಳೆ ಇವ್ಳ್ ತನ್ನ ಮದಿ ದಿನ ಇದನ್ನೇ ಹಾಕಿದ್ರೆ? ಆರ್ತಿ ಎತ್ತುವತ್ತಿಗೆ ನಿನ್ನ ಸ್ವರ ಬಂದ್ರೆ? ನೀನೇ ಹೇಳ್ ಕಾಂಬ."

"ದೊಡ್ಡಜ್ಜಿ, ಅದೆಲ್ಲ ಸುಮ್ನೆ..." ಎಂದು ದೊಡ್ಡವಳು ಸಿಟ್ಟಿನಿಂದ ಶುರುಮಾಡಿದಳು. ನಾನು ಅವಳನ್ನು ತಡೆದೆ. ಅಕ್ಕನ ಮಾತು ನನ್ನನ್ನು ಅವಮಾನಿಸಲು ಆಡಿದ್ದಲ್ಲ. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನನ್ನ ಬಗ್ಗೆ ಏನೂ ಅಂಜಿಕೆ ಇರಲಿಲ್ಲ, ಆಗುವುದೆಲ್ಲ ಆಗಿ ಹೋಗಿತ್ತು. ಆದರೆ ಮೊಮ್ಮಗಳ ಹೆಸರು ಎತ್ತಿದೊಡನೆ ನನ್ನ ಬಾಯಿ ಕಟ್ಟಿತು. ಸುಳ್ಳು ಎಂದು ತಿಳಿದರೂ ಬಿಡದ ಅಂಜಿಕೆ ಅದು.

"ನಾ ಹೇಳ್ತೆ, ನೀ ಹಿಂದಿಂದ ಹೇಳ್," ಎಂದು ಅಕ್ಕ ತಾನೇ ಎತ್ತಿದಳು. ಮೊದಲ ಸಾಲು ಗಟ್ಟಿಯಾಗಿ ಬಂತು. ಎರಡನೆಯದಕ್ಕೆ ತಡವರಿಸಿ ನಿಂತಳು. ಜೀವಮಾನವಿಡೀ ತಿರುಗಿ ಹೇಳಿದವಳು, ಸಾಲು ಅವಳ ಹತ್ತಿರ ಎಲ್ಲಿ ಇರಬೇಕು? ನಾನು ತಲೆ ತಗ್ಗಿಸಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿಕೊಟ್ಟೆ. ಅವಳು ಹಾಡಿದಳು. ಮೂರನೆಯದನ್ನೂ ಹೇಳಿಕೊಟ್ಟೆ. ಹಾಡು ಮುಗಿಯುವವರೆಗೂ ಹೀಗೆಯೇ ನಡೆಯಿತು.

ದೊಡ್ಡವಳು ಅದನ್ನು ಕೇಳಿಸಿದಾಗ ಅಕ್ಕನ ಪ್ರತಿ ಸಾಲಿನ ಮುಂಚೆ ನನ್ನ ಪಿಸುಮಾತು ಸ್ಪಷ್ಟವಾಗಿ ಇತ್ತು. ಧಾಟಿಯೂ ಸೇರಿ ಇತ್ತು. ಅಕ್ಕ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಎಲ್ಲಾ ಕೇಂತ್ ಅಲ್ದಾ ಮಾರಾಯ್ತಿ," ಎಲ್ಲ ಕೇಳಿಸುತ್ತದಲ್ಲ ಎಂದಳು. ಅಳಿಸಲಾ ಎಂದು ದೊಡ್ಡವಳು ಕೇಳಿದಳು. ಅಷ್ಟರಲ್ಲಿ ಮಗಳು ತಿಂಡಿಗೆ ಕರೆದಳು, ಎದ್ದು ಹೋದೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಹೋಯಿತು, ಈಗ ಅಂಗಾತ ಮಲಗಿದರೆ ಉಸಿರು ಸರಾಗ. ಸ್ವರ ಮಾತ್ರ ಗಾಳಿಯಂತೆ ಆಗಿದೆ. ಅಡುಗೆಮನೆಯಿಂದ ಕರೆದರೆ ಹಾಲಿಗೆ ಕೇಳುವುದಿಲ್ಲ. ಬಾಗಿಲಿಗೆ ಬಂದವರಿಗೆ ಕೈಸನ್ನೆ ಮಾಡುತ್ತೇನೆ. ಕೆಲವು ತಿಂಗಳು ಕಾಯಿರಿ, ಬಂದರೂ ಬರಬಹುದು ಎನ್ನುತ್ತಾರೆ ಡಾಕ್ಟರು. ಎಷ್ಟು ಬರಬಹುದೆಂದು ಹೇಳುವುದಿಲ್ಲ, ನಾನೂ ಕೇಳಿಲ್ಲ.

ಮೊನ್ನೆ ಬೆಸೆಂಟ್ ನಗರದಿಂದ ಮಗ ಬಂದಿದ್ದ, ಜೊತೆಗೆ ನಿಮ್ಮಲ್ಲಿ ಚಿಕ್ಕವಳು. ದೊಡ್ಡವಳು ಅವಳಿಗೆ ಎಣ್ಣೆಯ ಹಾಡು ಕೇಳಿಸಿದಳು.

"ಇದು ಯಾರು?"

"ನಮ್ಮ ಅಜ್ಜಿ ಕಣೇ."

"ಪೊಯ್!" ಎಂದಳು ಚಿಕ್ಕವಳು. ಸುಳ್ಳು ಹೇಳುತ್ತಿದ್ದೀ ಎಂದು ನಕ್ಕೂ ನಕ್ಕಳು. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆ. ನಾನೇ ಎನ್ನಲು ಹೋದೆ, ಅದು ಅವಳಿಗೆ ತಲುಪಲಿಲ್ಲ. ಹಾಡುಗಳು ಒಂದರ ಹಿಂದೊಂದು ಬಂದು ಆರತಿಯದು ಬಂತು. ಅಕ್ಕನ ಸ್ವರ ಏಳುವ ಮುಂಚೆ ಆ ಪಿಸುಮಾತು ಬಂದಾಗ ಚಿಕ್ಕವಳು ತಟ್ಟನೆ ನನ್ನ ಕಡೆ ತಿರುಗಿದಳು.

"ಹೇ, ಇದು ದಾನ್ ನಮ್ಮ ಪಾಟಿ!"

ನನಗೆ ನೋವಾದೀತೆಂದು ದೊಡ್ಡವಳು ಗಾಬರಿಯಾಗಿ ನಿಲ್ಲಿಸಲು ಕೈ ಚಾಚಿದಳು. ನಿಲ್ಲಿಸಬೇಡ ಎಂದು ಸನ್ನೆ ಮಾಡಿದೆ. ಇದೇ ನಮ್ಮ ಅಜ್ಜಿ ಎಂದು ಮಗು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಪರೇಷನ್ ಆದ ಮೇಲೆ ಅವಳು ಕೇಳುವ ಅಜ್ಜಿಯ ಸ್ವರ ಇದೇ. ಮೊದಲಿನ ಹಾಡುಗಳಲ್ಲಿರುವ ಹೆಂಗಸು ಅವಳಿಗೆ ಯಾರೋ. ನನಗೂ ಈಗೀಗ ಅವಳು ಯಾರೋ ಎನಿಸುತ್ತಾಳೆ. ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಕೊನೆಯವರೆಗೂ ಕೇಳಿದೆ.

ಆರತಿ ಹಾಡನ್ನು ನಿಮ್ಮ ಮದುವೆಗಳಿಗೆ ಹಾಕಬೇಡಿ ಎಂದು ಬರೆಯಲು ಕುಳಿತವಳು ನಾನು. ಬರೆಯಲು ಕೈ ಬರುತ್ತಿಲ್ಲ. ಹಾಕಿ ಎಂದು ಬರೆಯಲು ಧೈರ್ಯವೂ ಇಲ್ಲ. ಅಳಿಸಬೇಡಿ, ಅಷ್ಟನ್ನು ಮಾತ್ರ ಕೇಳಿಕೊಳ್ಳುತ್ತೇನೆ.