ಗೌರಕ್ಕನ ತೊಳೆದು ತುಂಬುವ ಮೋಟಾರು

ಕೋಳಿ ಕೂಗುವ ಮೊದಲು ಮಂಗಳಗೌರಿ ಮಾಡಿ ಮುಗಿಸಿದ ಕೆಲಸಗಳು ಇಷ್ಟು: ಅಂಗಳ ಗುಡಿಸಿ ಸಗಣಿ ನೀರು ಹಾಕಿದ್ದು, ಬಾಗಿಲಿಗೆ ರಂಗೋಲಿ ಎಳೆದದ್ದು, ಮಾವನ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದ್ದು, ಹಸುವಿನ ಕರು ಬಿಟ್ಟು ಕಟ್ಟಿ ಹಾಲು ಕರೆದದ್ದು, ಒದ್ದೆ ಗೋಣಿ ಹೊದಿಸಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನು ಹುಳುಮನೆಗೆ ಹೊತ್ತು ಅಟ್ಟಣೆ ಅಟ್ಟಣೆಗೂ ಹಾಸಿದ್ದು, ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿದ್ದು, ಹುರುಳಿಕಾಳಿನ ಸಾರು ಕುದಿಸಿದ್ದು, ಮುದ್ದೆ ತಿರುವಿದ್ದು, ಮಾವನ ಪೂಜೆಗೆ ಹೂವು ಬಿಡಿಸಿ ವಿಭೂತಿಗಟ್ಟಿಯ ಪಕ್ಕ ಇಟ್ಟದ್ದು, ಗಂಡನ ಫೋನನ್ನು ಚಾರ್ಜಿಗೆ ಹಾಕಿದ್ದು. ಕೊನೆಯದು ಯಾಕೆ ತನ್ನ ಕೆಲಸವಾಯಿತು ಎಂದು ಅವಳಿಗೆ ನೆನಪಿರಲಿಲ್ಲ.

ಇಷ್ಟಾದ ಮೇಲೆ ಯಾರೂ ಹೇಳದ ಒಂದು ಕೆಲಸ ಮಾಡಿದಳು. ಅಟ್ಟದಿಂದ ಸೀರೆ ಅಂಗಡಿಯ ಚೀಲ ಇಳಿಸಿ, ಒಳಗಿದ್ದ ರಾಕೆಟ್ಟನ್ನು ಎತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದರ ಮೂತಿಗೆ ಮುತ್ತು ಕೊಟ್ಟಳು.

ಹೊಂಗನೂರಿನ ಈ ಮಂಗಳಗೌರಿಗೆ ಮನೆಯಲ್ಲಿ ರೇಷ್ಮೆ ಹುಳು, ಚನ್ನಪಟ್ಟಣದಲ್ಲಿ ಮರ ಕಡೆಯುವ ಲೇತು. ಒಂದು ಬೆಳೆ ಗೂಡು ಮಾರಿ ಇನ್ನೊಂದು ಬೆಳೆಯ ಮೊಟ್ಟೆ ಬರುವವರೆಗಿನ ಬಿಡುವಿನಲ್ಲಿ ಅವಳು ಬಸ್ಸು ಹತ್ತಿ ಬದ್ರುನ್ನೀಸಾ ಅವರ ಗೊಂಬೆ ಕಾರ್ಖಾನೆಗೆ ಹೋಗುತ್ತಾಳೆ. ಅದನ್ನು ಬಿಡುವು ಎನ್ನುವುದು ಅವಳ ಮಾವ ಬಸವಲಿಂಗಯ್ಯನವರು. ಅಲ್ಲಿ ಹಾಲೆಮರದ ತುಂಡನ್ನು ತಿರುಗುವ ಲೇತಿಗೆ ಕೊಟ್ಟು ಬುಗುರಿ, ಗಿಲಕಿ, ಉಂಗುರಗಳನ್ನು ಕಡೆಯುವುದು, ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುವುದು, ಕೇದಗೆ ಗರಿಯಿಂದ ಉಜ್ಜಿ ಕನ್ನಡಿಯಂತೆ ಹೊಳೆಸುವುದು. ಬದ್ರುನ್ನೀಸಾ ಅವರದು ಒಂದೇ ಕಟ್ಟಳೆ: ಬೋಳು ಮರ ತನ್ನ ಹೊಸಲು ದಾಟಬಾರದು. ಅರಗು ಕಾಣದ ಒಂದು ಚೂರು ಕಂಡರೂ ವಾಪಸ್ಸು ಕೈಗೆ ಕೊಡುತ್ತಿದ್ದರು.

ಆ ಕಾರ್ಖಾನೆಗೆ ಒಂದು ದಿನ ವಿಚಿತ್ರವಾದ ಆರ್ಡರು ಬಂತು. ರಾಮನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಮಹೀನ್ ಮೇಡಂಗೆ ಆಟದ ರಾಕೆಟ್ಟುಗಳ ಮೂತಿ ಬೇಕಿತ್ತಂತೆ. ಹಗುರವಾಗಿ, ಚೂಪಾಗಿ, ಕೆಳಗೆ ಕೊಳವೆಯೊಳಗೆ ಕೂರುವಂತೆ ಸಣ್ಣ ಕತ್ತು. ಕಡೆದವಳು ಮಂಗಳಗೌರಿ. ತಲುಪಿಸಲು ಹೋದವಳೂ ಅವಳೇ. ಮರಳವಾಡಿಯ ಕಡೆ, ರಾಗಿ ಕೊಯ್ದ ಬಯಲಿನಲ್ಲಿ ಅವಳು ಮೊದಲ ಸಲ ನೋಡಿದಳು: ಒಂದು ಗುಂಡಿ ಒತ್ತಿದ್ದೇ ತಡ, ಅವಳು ಕಡೆದ ಮೂತಿ ಸೊಂಯ್ ಎಂದು ಆಕಾಶಕ್ಕೆ ನುಗ್ಗಿ, ಸಾಸಿವೆಕಾಳಾಗಿ, ಆಮೇಲೆ ಇಲ್ಲವೇ ಇಲ್ಲವಾಗಿ, ಒಂದು ಗಳಿಗೆಯ ನಂತರ ಕೆಂಪು ಛತ್ರಿ ಬಿಚ್ಚಿಕೊಂಡು ತೂಗಾಡುತ್ತ ಇಳಿಯಿತು. ಮಂಗಳಗೌರಿಗೆ ನಗು ಬಂತು. ಎಂಥ ನಗುವೆಂದರೆ ತುರುಬು ಬಿಚ್ಚಿಹೋಯಿತು, ರಾಗಿ ಕೂಳೆಯ ಮೇಲೆ ಹಾಗೇ ಕೂತುಬಿಟ್ಟಳು. ಮೇಡಂ ಜೊತೆ ರಾಕೆಟ್ಟು ಹಾರಿಸುವ ಬಳಗದವರು ನೀರು ತಂದುಕೊಟ್ಟರು. ನೀರು ಕುಡಿಯುವಾಗಲೂ ನಗುತ್ತಿದ್ದಳು.

ಅಂದಿನಿಂದ ಅವಳು ರಾಕೆಟ್ ಬಳಗದವಳಾದಳು. ಮೊದಮೊದಲು ಬಳಗದವರು ಬಳಸುತ್ತಿದ್ದದ್ದು ಒಂದೇ ಸಲ ಉರಿಯುವ ಮೋಟಾರು. ಪಟಾಕಿಯ ಹಾಗೆ, ಹಚ್ಚಿದರೆ ಮುಗಿಯಿತು, ಸುಟ್ಟ ಕಾಗದದ ಕೊಳವೆ ಕಸಕ್ಕೆ. ಈ ವರ್ಷ ಹೊಸ ಮೋಟಾರು ಬಂತು. ಇದಕ್ಕೆ ಅಲ್ಯುಮಿನಿಯಂ ಗವಸು, ಎರಡು ಕಡೆ ತಿರುಪು ಮುಚ್ಚಳ. ಉರಿದ ಮೇಲೆ ಬಿಚ್ಚಿ, ತೊಳೆದು, ಒಣಗಿಸಿ, ಪೊಟ್ಟಣದಲ್ಲಿ ಬರುವ ಹೊಸ ಇಂಧನದ ಬಿಲ್ಲೆ, ರಬ್ಬರ್ ಉಂಗುರ, ಛತ್ರಿ ಹೊರದಬ್ಬುವ ಮದ್ದು ಎಲ್ಲವನ್ನೂ ತುಂಬಿದರೆ ಮತ್ತೆ ಹಾರುತ್ತದೆ. ಉಳಿದವರು ಪೊಟ್ಟಣದ ಮೇಲಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಮಂಗಳಗೌರಿಗೆ ಅದು ಪ್ರೆಶರ್ ಕುಕ್ಕರಿನ ತಂಗಿಯಂತೆ ಕಂಡಿತು. ರಬ್ಬರು ಸರಿಯಾಗಿ ಕೂರದಿದ್ದರೆ ಅದೂ ಸಿಡಿಯುತ್ತದೆ, ಇದೂ ಸಿಡಿಯುತ್ತದೆ. ಆದರೂ ಮಹೀನ್ ಮೇಡಂ ಪಕ್ಕ ಕೂತು ಎರಡು ಸಲ ಹೇಳಿಕೊಟ್ಟ ಮೇಲೇ ಅವಳು ಮುಟ್ಟಿದ್ದು.

ಹೊಸ ಮೋಟಾರಿನ ಜೊತೆ ಒಂದು ಹಳೆಯ ಸಂಗತಿಯೂ ಬಂತು. ತೊಳೆಯುವ ಕೆಲಸ. ಉರಿದ ಗವಸಿನೊಳಗೆ ಕಪ್ಪು ಮಸಿ ಮೇಣದ ಹಾಗೆ ಮೆತ್ತಿರುತ್ತದೆ, ಉಗುರಿನ ಸಂದಿಗೆ ಹೋದರೆ ವಾರ ಬಿಡುವುದಿಲ್ಲ. ಮೊದಲ ದಿನವೇ ಹಾರಿಸಿದ ಗಂಡಸರೆಲ್ಲ ಆಕಾಶ ನೋಡುತ್ತ ಕೈ ಚಪ್ಪಾಳೆ ಹೊಡೆಯುತ್ತಿದ್ದಾಗ ಗವಸುಗಳು ಒಂದೊಂದಾಗಿ ಮಂಗಳಗೌರಿಯ ಪಕ್ಕದ ಬಕೇಟಿಗೆ ಬಂದು ಬೀಳತೊಡಗಿದ್ದವು. ಯಾರೂ ತೊಳಿ ಎಂದಿರಲಿಲ್ಲ. ಕನಕಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅಶೋಕ್ ಮಾತ್ರ, ತನ್ನ ಗವಸನ್ನು ಇಳಿಬಿಡುತ್ತ, ಬಾಯಿಬಿಟ್ಟು ಹೇಳಿದ:

"ಗೌರಕ್ಕ, ನಿಮ್ದು ಪಳಗಿದ ಕೈ."

"ನಿಮ್ ಕೈಯೂ ಪಳಗ್ಲಿ ತಮ್ಮಾ," ಎಂದು ಅವಳು ಬಕೇಟನ್ನೇ ಎತ್ತಿ ಅವನ ಮುಂದೆ ಇಟ್ಟಳು. "ಉಂಡೋರು ತಟ್ಟೆ ತೊಳೀಬೇಕು. ಪಂಪ್ ಬಿಚ್ಚಿ ತೊಳೀತೀರಂತೆ, ಇದೇನು ಮಹಾ."

ಮಹೀನ್ ಮೇಡಂ ಅದನ್ನೇ ಬಳಗದ ನಿಯಮ ಮಾಡಿದರು. ಮೊದಲಿನಿಂದ ಇದ್ದ ಇನ್ನೊಂದು ನಿಯಮ ಹೊಸ ಮೋಟಾರಿಗೆ ತಕ್ಕಂತೆ ಹೀಗಾಯಿತು: ತಾನೇ ಕಟ್ಟಿದ ರಾಕೆಟ್ಟನ್ನು, ತಾನೇ ತುಂಬಿದ ಮೋಟಾರಿನಿಂದ ಹಾರಿಸಿ, ಛತ್ರಿ ಬಿಚ್ಚಿಸಿ, ಮುರಿಯದಂತೆ ಇಳಿಸಿದವರೇ ಹಾರಿಸುವವರು. ಅಲ್ಲಿಯವರೆಗೆ ಎಷ್ಟೇ ಮೂತಿ ಕಡೆದರೂ ಅವರು ಸಹಾಯಕರು. ಮಂಗಳಗೌರಿಗೆ ಸಹಾಯಕಿಯಾಗಿ ಇರುವುದು ಸಾಕಾಗಿತ್ತು. ಮನೆಯಲ್ಲೂ ಅವಳದು ಅದೇ ಹುದ್ದೆ. ಹುಳು ಸಾಕುವವರು ಯಾರು ಎಂದು ರೇಷ್ಮೆ ಇಲಾಖೆಯವರು ಕೇಳಿದರೆ ಗಂಡ ಬಸವಕುಮಾರ್ ಕೈ ಎತ್ತುತ್ತಾನೆ.

ಹಾಗಾಗಿ ಶಿವರಾತ್ರಿ ಕಳೆದ ಮೇಲಿನ ಈ ಭಾನುವಾರ ಅವಳಿಗೆ ಬೇಕಾಗಿತ್ತು. ಇದು ಈ ವರ್ಷದ ಕೊನೆಯ ಹಾರಾಟ. ಬೇಸಗೆ ಏರಿದರೆ ಒಣ ಹುಲ್ಲಿಗೆ ಕಿಡಿ ತಾಕುವ ಭಯ, ಮಳೆ ಬಿದ್ದರೆ ಬಯಲಿನಲ್ಲಿ ಬಿತ್ತನೆ. ಮತ್ತೆ ರಾಗಿ ಕೊಯ್ಲಾಗುವವರೆಗೆ ಕಾಯಬೇಕು. ಹುಳು ಪೊರೆ ಕಳಚುವ ನಾಲ್ಕನೇ ಜ್ವರ ದಾಟಿ ಗಬಗಬ ಮೇಯುತ್ತಿತ್ತು. ಹಣ್ಣಾಗಿ ಗೂಡು ಕಟ್ಟಲು ಶುರು ಮಾಡುವುದು ಸೋಮವಾರ ಎಂದು ಮನೆಯವರೆಲ್ಲ ಒಪ್ಪಿದ ಮೇಲೆಯೇ ಅವಳು ಹೊರಟದ್ದು.

ಚನ್ನಪಟ್ಟಣದಲ್ಲಿ ಮಹೀನ್ ಮೇಡಂ ಕಾರಿನಲ್ಲಿ ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಬದ್ರುನ್ನೀಸಾ ಬುತ್ತಿ ಹಿಡಿದು ಕೂತಿದ್ದರು; ತನ್ನ ಕಾರ್ಖಾನೆಯ ಮಾಲು ಆಕಾಶಕ್ಕೆ ಹೋಗುವುದನ್ನು ತಾನೂ ಒಮ್ಮೆ ನೋಡಬೇಕೆಂದು ಬಂದವರು. ದಾರಿಯುದ್ದಕ್ಕೂ ಮಂಗಳಗೌರಿ ರಾಕೆಟ್ಟನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಸೀರೆ ಸುತ್ತಿ ಬಂದಿದ್ದ ರಟ್ಟಿನ ಕೊಳವೆ ಅದರ ಮೈ. ಕೆಂಪು, ಹಳದಿ ಅರಗಿನ ಪಟ್ಟೆ ಹೊಡೆದ ಹಾಲೆಮರದ ಮೂತಿ. ಒಳಗೆ ಮಡಚಿಟ್ಟ ಛತ್ರಿಗೆ ರವಿಕೆ ಹೊಲಿದು ಉಳಿದಿದ್ದ ರೇಷ್ಮೆ ತುಂಡು. ಹುಳಕ್ಕೆ ಸೊಪ್ಪು ಹಾಕಿಯೇ ಸವೆದ ಕೈಗೆ ಅದರ ನೂಲು ಮೋಡದಲ್ಲಿ ತೂಗಾಡುವುದನ್ನು ನೋಡುವ ಆಸೆ.

ಬಯಲಿನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಪೊಟ್ಟಣ ಕೊಟ್ಟರು. ಮಂಗಳಗೌರಿ ಮೊದಲನೆಯದನ್ನು ಬಿಚ್ಚಿ, ಉಂಗುರಗಳಿಗೆ ಜಿಡ್ಡು ಸವರಿ, ಬಿಲ್ಲೆ ಇಳಿಸಿ, ಮುಚ್ಚಳ ತಿರುಪಿದಳು. ಮಹೀನ್ ಮೇಡಂ ನೋಡಿ ಸರಿ ಎಂದರು. ತನ್ನ ಸರದಿ ಬರುವವರೆಗೆ ರಾಕೆಟ್ಟು ಬಿಸಿಲಿನಲ್ಲಿ ಕಂಬಿಗೆ ಆನಿಕೊಂಡು ನಿಂತಿತ್ತು. ಸರದಿ ಬಂತು. ಎಲ್ಲರೂ ಹಿಂದೆ ಸರಿದರು. ಗುಂಡಿ ಒತ್ತಿದಳು.

ಅದು ಹೋಯಿತು. ಹೋದ ರೀತಿಗೆ ಬದ್ರುನ್ನೀಸಾ ಬಾಯಿಯಲ್ಲಿದ್ದ ಎಲೆಯಡಿಕೆ ಹಾಗೇ ನುಂಗಿಬಿಟ್ಟರು. ತುದಿ ಮುಟ್ಟಿ, ಬಾಗಿ, ಟಪ್ ಎಂದು ಒಳಗಿನ ಮದ್ದು ಹೊಡೆದ ಸದ್ದು ಕೇಳಿಸಿತು. ಛತ್ರಿ ಮಾತ್ರ ಬರಲಿಲ್ಲ. ರಾಕೆಟ್ಟು ತಲೆಕೆಳಗಾಗಿ ನೇರ ಇಳಿದು, ಬಯಲಿನ ಅಂಚಿನ ಹೊಲದವರ ತಿಪ್ಪೆಗೆ ಅರ್ಧ ಮೈ ಹೂತು ನಿಂತಿತು.

ಎಲ್ಲರೂ ಓಡಿದರು. ಅಶೋಕ್ ಮೊದಲು ತಲುಪಿ, ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಒಳ್ಳೆ ಗೊಬ್ಬರ ಕಣಕ್ಕ. ಬುಡಕ್ಕೆ ಒಸಿ ನೀರು ಬುಟ್ರೆ ಮಳೆಗಾಲಕ್ಕೆ ಇನ್ನೆರಡು ಮರಿ ಹಾಕ್ತದೆ."

ಮಂಗಳಗೌರಿಗೆ ಅಳು ಬರಬೇಕಿತ್ತು. ನಗು ಬಂತು. ತಿಪ್ಪೆಗೆ ಕೈ ಹಾಕಿ ಕಿತ್ತು ತೆಗೆದಳು; ದಿನಾ ಹಾಕುವ ಕೈಯೇ, ಹೇಸಿಗೆಯೇನಿಲ್ಲ. ತಿಪ್ಪೆ ಮೆತ್ತಗಿದ್ದುದರಿಂದ ಕೊಳವೆ ಉಳಿದಿತ್ತು. ಮೂತಿ ಎಳೆದರೆ ಬರಲಿಲ್ಲ. ತಿರುಚಿದರೂ ಬರಲಿಲ್ಲ. ಬದ್ರುನ್ನೀಸಾ ಈಸಿಕೊಂಡು, ಮಂಡಿಯ ಮಧ್ಯೆ ಸಿಕ್ಕಿಸಿ ಜಗ್ಗಿ ಕಿತ್ತು, ಮೂತಿಯ ಕತ್ತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂಟುತ್ತಿತ್ತು. ಕೊಳವೆಯೊಳಗೆ ಕೂರುವ, ಯಾರ ಕಣ್ಣಿಗೂ ಬೀಳದ ಆ ಕತ್ತಿಗೂ ಕೆಂಪು ಅರಗು ಹೊಳೆಯುತ್ತಿತ್ತು. ಬಿಸಿಲಿಗೆ ಅರಗು ಮೆತ್ತಗಾಗಿ ರಟ್ಟಿಗೆ ಕಚ್ಚಿಕೊಂಡಿತ್ತು. ಮದ್ದು ದಬ್ಬಿದ್ದೆಲ್ಲ ದಂಡ.

"ಇದಕ್ಕೂ ಹಾಕಿದ್ಯಾ ಗೌರಿ?"

"ನೀವೇ ತಾನೆ ಬೋಳು ಮರ ಹೊಸಲು ದಾಟಬಾರ್ದು ಅಂದಿದ್ದು."

ಬಳಗಕ್ಕೆಂದು ಕಡೆಯುವಾಗ ಮಹೀನ್ ಮೇಡಂ ಕೊಟ್ಟ ಅಳತೆಯಲ್ಲಿ ಕತ್ತಿಗೆ ಬಣ್ಣ ಬೇಡವೆಂದಿತ್ತು, ಹಾಗೇ ಮಾಡಿದ್ದಳು. ಇದು ತನ್ನದು, ತನ್ನ ಸ್ವಂತದ್ದು. ಇದಕ್ಕೆ ಬೋಳು ಬಿಡಲು ಮನಸ್ಸು ಬಂದಿರಲಿಲ್ಲ. ಬದ್ರುನ್ನೀಸಾ ನಕ್ಕು ನಕ್ಕು ಬದುವಿನ ಮೇಲೆ ಕೂತರು. ಚೀಲದಲ್ಲಿ ಇನ್ನೊಂದು ಮೂತಿ ಇತ್ತು, ಅದರ ಕತ್ತಿಗೂ ಅರಗು. ಮುರಿದ ಗಾಜಿನ ಚೂರು ಹುಡುಕಿ ತಂದು ಅವರೇ ಹೆರೆಯಲು ಕೂತರು. ಮಂಗಳಗೌರಿ ಬಿಸಿ ಆರಿದ ಗವಸನ್ನು ಬಿಚ್ಚಿ ತೊಳೆದಳು, ಒರೆಸಿ ಒಣಗಲು ಇಟ್ಟಳು. ಇನ್ನೊಂದು ಪೊಟ್ಟಣ ಉಳಿದಿತ್ತು.

ಫೋನು ಬಡಿದುಕೊಂಡದ್ದು ಆಗ. ಬಸವಕುಮಾರ್.

"ಗೌರಿ, ಹುಳ ಸೊಪ್ಪು ಮುಟ್ತಾ ಇಲ್ಲ ಕಣೆ. ತಲೆ ಎತ್ಕೊಂಡು ಆಡಿಸ್ತಾ ಅವೆ. ಮೈಯೆಲ್ಲಾ ಹಳದಿ ತಿರುಗ್ಬುಟ್ಟವೆ."

"ನಾಳೆ ಅಂದಿದ್ರಲ್ಲ?"

"ಬಿಸಿಲು ಹೆಂಗೈತೆ ನೋಡು. ಹುಳಕ್ಕೆ ಕ್ಯಾಲೆಂಡರ್ ಗೊತ್ತಾ? ಬೇಗ ಬಾ."

"ಅಪ್ಪ ಮಗ ಇಬ್ರೂ ಸೇರಿ ಆಯಕ್ಕೆ ಸುರು ಮಾಡಿ."

"ನಿನ್ ಕೈ ಥರ ಯಾರ್ ಕೈ ಬತ್ತದೆ? ನನ್ ಕೈಗೆ ಸಿಕ್ಕಿದ್ರೆ ಹಿಚುಕ್ಕೋಯ್ತವೆ."

ಆಮೇಲೆ ಮಾಡ್ತೀನಿ ಎಂದು ಅವಳು ಫೋನು ಇಟ್ಟಳು. ಮದುವೆಯಾಗಿ ಬಂದಾಗಿನಿಂದ ಈ ಹೊಗಳಿಕೆ ಕೇಳಿದ್ದಳು. ಮುದ್ದೆಗೂ ಅವಳ ಕೈಯೇ ಆಗಬೇಕು, ಹಾಲು ಕರೆಯಲೂ ಅವಳ ಕೈಯೇ, ಹಣ್ಣು ಹುಳು ಆಯಲೂ ಅವಳ ಕೈಯೇ. ಆ ಮನೆಯಲ್ಲಿ ಹೊಗಳಿಸಿಕೊಂಡ ಕೆಲಸ ಯಾವುದೂ ಮತ್ತೆ ಅವಳ ಕೈಬಿಟ್ಟು ಹೋದದ್ದಿಲ್ಲ. ಬಸವಕುಮಾರನ ಕೈ ಒರಟು ನಿಜ. ಅದೇ ಬೆರಳುಗಳು ಫೋನಿನ ಗಾಜಿನ ಮೇಲೆ ರಮ್ಮಿ ಆಡುವಾಗ ಒಂದು ಎಲೆಯನ್ನೂ ಹಿಚುಕಿರಲಿಲ್ಲ.

ಆದರೂ ಹುಳು ಹುಳುವೇ. ಹಣ್ಣಾದದ್ದನ್ನು ಹೊತ್ತಿಗೆ ಸರಿಯಾಗಿ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತುತ್ತವೆ; ಆ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅವಳೇ ಮೇಯಿಸಿದ ಹುಳು, ಅವಳೇ ನಿದ್ದೆಗೆಟ್ಟ ಬೆಳೆ.

ವಿಷಯ ತಿಳಿದು ಮಹೀನ್ ಮೇಡಂ ಕಾರಿನ ಕೀಲಿ ತೆಗೆದು, ಹೋಗುವುದಾದರೆ ಈಗಲೇ ಬಿಟ್ಟು ಬರುತ್ತೇನೆ, ಇರುವುದಾದರೆ ಇರಿ, ನಾನು ಏನೂ ಹೇಳುವುದಿಲ್ಲ ಎಂದರು. ಅಶೋಕ್ ಈ ಸಲ ತಮಾಷೆ ಮಾಡಲಿಲ್ಲ. ನೀವು ಹೋಗಿ, ಮೋಟಾರು ನಾನು ತುಂಬಿ ನಿಮ್ಮ ಹೆಸರಲ್ಲೇ ಹಾರಿಸುತ್ತೇನೆ, ಯಾರು ಕೇಳುತ್ತಾರೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ತನ್ನ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುವುದು ಅವಳಿಗೆ ಅಭ್ಯಾಸವಿತ್ತು. ಇನ್ನೊಬ್ಬರ ಕೆಲಸ ತನ್ನ ಹೆಸರಿಗೆ ಬರುವುದು ಎಷ್ಟು ಬೋಳು ಎಂದು ಆಗಲೇ ಗೊತ್ತಾದದ್ದು. ಬದ್ರುನ್ನೀಸಾ ತಲೆ ಎತ್ತದೆ ಹೆರೆಯುತ್ತಲೇ ಇದ್ದರು.

ಮಂಗಳಗೌರಿ ಗವಸು, ಪೊಟ್ಟಣ ಎರಡನ್ನೂ ಎತ್ತಿಕೊಂಡು ದೂರದ ಹೊಂಗೆಮರದ ನೆರಳಿಗೆ ಹೋದಳು. ಪೊಟ್ಟಣ ಒಮ್ಮೆ ಹರಿದರೆ ತಂಡಿ ಹಿಡಿಯುತ್ತದೆ, ಮುಂದಿನ ವರ್ಷಕ್ಕೆ ಇಡುವಂತಿಲ್ಲ. ಹರಿಯದಿದ್ದರೆ ಸೀರೆಯ ಚೀಲದೊಳಗೆ ಅಟ್ಟಕ್ಕೆ ಹೋಗಬಹುದು. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಯಲಿನ ಆ ಕಡೆ ಯಾರದೋ ರಾಕೆಟ್ಟು ಸೊಂಯ್ ಎಂದಿತು. ನೋಡಬಾರದೆಂದುಕೊಂಡರೂ ಕತ್ತು ತಾನಾಗಿ ಮೇಲೆ ಹೋಯಿತು, ಹೊಟ್ಟೆಯೊಳಗೆ ಆ ಹುಚ್ಚು ನಗು ಮತ್ತೆ ಗುಳುಗುಳು ಎಂದಿತು.

ಫೋನು ತೆಗೆದು ಅವಳೇ ಮಾಡಿದಳು.

"ಚಂದ್ರಿಕೆ ಕೊಟ್ಟಿಗೆ ಗೋಡೆಗೆ ಒರಗಿಸಿವ್ನಿ. ಕೈ ತೊಳ್ಕೊಂಡು ಸುರು ಮಾಡಿ. ಬೆರಳ ತುದಿಯಿಂದ ಹಿಡೀಬೇಡಿ, ಹುಳ ತಾನೇ ಅಂಗೈಗೆ ಹತ್ಲಿ, ಅವಾಗ ಹಿಚುಕ್ಕೋಗಕ್ಕಿಲ್ಲ. ನನ್ ಕೆಲ್ಸ ಮುಗಿಸ್ಕೊಂಡು ಬತ್ತೀನಿ."

"ಅಲ್ಲೇನೇ ಕೆಲ್ಸ ನಿಂಗೆ? ಒಂದಷ್ಟು ಹುಳ ಹಾಳಾದ್ರೆ?"

"ಹಾಳಾಗ್ಲಿ. ನಂದೂ ಈಗ ಒಂದು ತಿಪ್ಪೆಗೆ ಬಿದ್ದೈತೆ. ಹಂಗೇ ಕಲಿಯೋದು."

ಆ ಕಡೆಯಿಂದ ಇನ್ನೂ ಮಾತು ಬರುತ್ತಿತ್ತು. ಮಂಗಳಗೌರಿ ಫೋನನ್ನು ನೆಲದ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು, ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು.