ವಾರಿಜಕ್ಕನ ಅಂಗೈ ಮತ್ತು ಸೋಪಿನ ಗುಳ್ಳೆ

ಠಾಣೆ ಪೂರ್ವದ ಕೋಪರಿಯಲ್ಲಿ ವಾರಿಜಕ್ಕನ ಹಲಸಿನ ಹಪ್ಪಳ ತಿನ್ನದ ಕರಾವಳಿಯವರು ಸಿಗುವುದು ಕಷ್ಟ. ಸಿಕ್ಕರೆ ಅವರು ನಿನ್ನೆ ಮೊನ್ನೆ ರೈಲಿಳಿದವರೇ ಸರಿ. ವರ್ಷಗಟ್ಟಲೆ ಹಪ್ಪಳ ಒತ್ತಿ ಅವರ ಅಂಗೈ ತೆಂಗಿನೆಣ್ಣೆ ಕುಡಿದು ನುಣ್ಣಗಾಗಿದೆ. ಹಿಟ್ಟು ಅಂಟಬಾರದೆಂದು ಶುರುವಾದ ಅಭ್ಯಾಸ ಈಗ ಚಟವಾಗಿದೆ. ಅಂಟುವ ವಸ್ತು ಯಾವುದೇ ಇರಲಿ, ಮುಟ್ಟುವ ಮೊದಲು ಕೈ ತಾನಾಗಿ ಎಣ್ಣೆ ಬಾಟಲಿಗೆ ಹೋಗುತ್ತದೆ. ಒಮ್ಮೆ ಗೋಡೆಗೆ ಕ್ಯಾಲೆಂಡರ್ ಅಂಟಿಸುವ ಟೇಪಿಗೂ ಎಣ್ಣೆ ಕೈ ಹಾಕಿ, ಕ್ಯಾಲೆಂಡರ್ ದಿನಕ್ಕೆ ಮೂರು ಸಲ ನೆಲ ಕಂಡಿತ್ತು. ಗಂಡ ಪ್ರೇಮನಾಥರು ಅದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇಂಥ ಗಟ್ಟಿಗಿತ್ತಿಗೂ ಈ ಬೇಸಗೆಯಲ್ಲಿ ನಿದ್ದೆ ಕೆಡುವ ಚಿಂತೆ ಬಂತು. ಮಗಳು ಶರ್ಮಿಳಾಳ ಮನೆ ವಾಶಿಯಲ್ಲಿ, ಆಫೀಸು ಠಾಣೆಯಲ್ಲಿ. ಅವಳ ನಾಲ್ಕು ವರ್ಷದ ಮಗಳು ಚೈತನ್ಯಾಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟು ಊರಿಗೆ ಹೋಗಿದ್ದಳು. ನನ್ನ ಹತ್ತಿರ ಬಿಡು ಎಂದು ವಾರಿಜಕ್ಕ ಫೋನಿನಲ್ಲಿ ಅಂಗಲಾಚಿದರು.

"ಅವಳು ನಿನ್ನ ಹತ್ತಿರ ಬರುವುದೇ ಇಲ್ಲ ಅಲ್ವಾ ಅಮ್ಮಾ?" ಎಂದಳು ಶರ್ಮಿಳಾ. "ಭಾನುವಾರ ಕರ್ಕೊಂಡು ಬರ್ತೇನೆ. ಹೊಂದಿಕೊಂಡರೆ ಸರಿ. ಇಲ್ಲದಿದ್ರೆ ಸೋಮವಾರದಿಂದ ಡೇಕೇರ್."

ಮಾತು ಖಾರ, ಆದರೆ ಸುಳ್ಳಲ್ಲ. ಮಗು ಆಡುವುದು ಹಿಂದಿ. ಅಜ್ಜಿ ಮುದ್ದಿಸಲು ಹೋದರೆ ಸೀದಾ ಅಮ್ಮನ ದುಪಟ್ಟಾದೊಳಗೆ. ಸ್ವಂತ ಮೊಮ್ಮಗಳೇ ಹೀಗೆ ಮಾಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಭಾನುವಾರ ಚೈತನ್ಯಾ ಬಂದಳು, ಕೈಯಲ್ಲಿ ಸ್ಟೇಷನ್ ಹೊರಗೆ ಕೊಂಡ ಗುಳ್ಳೆ ಊದುವ ಬಾಟಲಿ. ಓಣಿಯಂಥ ಗ್ಯಾಲರಿಯಲ್ಲಿ ನಿಂತು ಊದಿದಳು. ಗುಳ್ಳೆಗಳು ಬಟ್ಟೆ ಒಣಗಿಸುವ ಹಗ್ಗದ ನಡುವೆ ತೂರಿ ಬಂದವು.

"ಅಜ್ಜೀ, ಪಕಡೋ," ಎಂದಿತು ಮಗು.

ಹಿಡಿ ಎನ್ನುತ್ತಿದೆ! ಆ ಮಗು ಅಜ್ಜಿಯನ್ನು ಏನಾದರೂ ಕೇಳಿದ್ದು ಅದೇ ಮೊದಲು. ವಾರಿಜಕ್ಕ ಹಿಗ್ಗಿ ಹೀರೇಕಾಯಿಯಾದರು. ತೆಳ್ಳನೆ ಚರ್ಮದ ಗುಳ್ಳೆ, ಕೈಗೆ ಅಂಟಿ ಹರಿದೀತು. ಅದಕ್ಕೇ ಒಳಗೆ ಓಡಿ ಎರಡೂ ಅಂಗೈಗೆ ಎಣ್ಣೆ ಹಚ್ಚಿ ಬಂದರು. ಮುಟ್ಟಿದ್ದೇ ತಡ, ಫಟ್. ಎಣ್ಣೆ ಸಾಲಲಿಲ್ಲವೆಂದು ಮಣಿಕಟ್ಟಿನವರೆಗೂ ಸವರಿದರು. ಇನ್ನೂ ಬೇಗ ಒಡೆಯಿತು.

"ಅಜ್ಜಿ ಸಬ್ ತೋಡ್ ದೇತೀ ಹೈ," ಎಂದು ಎಲ್ಲ ಒಡೆಯುವ ಅಜ್ಜಿಯ ಮೇಲೆ ದೂರು ಹೇಳಿ, ಚೈತನ್ಯಾ ಅಳುತ್ತ ಅಮ್ಮನ ಕಾಲಿಗೆ ಜೋತುಬಿದ್ದಳು. ಶರ್ಮಿಳಾ ನಿಟ್ಟುಸಿರಿಟ್ಟು ಚಪ್ಪಲಿಗೆ ಕಾಲು ಹಾಕಿದಳು.

ಪ್ರೇಮನಾಥರು ಪೇಪರ್ ಮಡಚಿದರು. ಊರಿಂದ ಬಂದ ಹೊಸದರಲ್ಲಿ ಅವರು ಹೋಟೆಲಲ್ಲಿ ತಟ್ಟೆ ತೊಳೆದವರು. "ಎಣ್ಣೆ ಕೈಯಲ್ಲಿ ನೊರೆ ಉಳಿಯುತ್ತದಾ ಮಾರಾಯ್ತಿ? ಒಂದು ಬಜ್ಜಿ ಬಾಣಲೆ ಮುಳುಗಿಸಿದ್ರೆ ಟಬ್ಬಿನ ನೊರೆ ಪೂರಾ ಕೂತು ಹೋಗ್ತಿತ್ತು."

"ಮೊದಲೇ ಹೇಳ್ಲಿಕ್ಕೆ ಬಾಯಿಗೆ ಎಂತ ಆಗಿತ್ತು ನಿಮಗೆ?"

ವಾರಿಜಕ್ಕ ನಲ್ಲಿಯ ಕೆಳಗೆ ಪಾತ್ರೆಯ ಸೋಪು ಹಾಕಿ ಕೈ ತಿಕ್ಕಿದರು, ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು. ಬಾಟಲಿ ತೆಗೆದು ತಾವೇ ಒಂದು ಗುಳ್ಳೆ ಊದಿ ಅಂಗೈ ಒಡ್ಡಿದರು. ಅದೂ ಒಡೆಯಿತು. ಹಪ್ಪಳಕ್ಕೆ ಹೆದರದ ಹೆಂಗಸು ಒಂದು ಗುಳ್ಳೆಯ ಮುಂದೆ ಕಣ್ಣು ತುಂಬಿಕೊಂಡು ನಿಂತರು.

ಶರ್ಮಿಳಾಳಿಗೆ ಅದನ್ನು ನೋಡಲಾಗಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದಳು. "ಒರೆಸಬಾರದಮ್ಮಾ. ಗುಳ್ಳೆ ಅಂದ್ರೆ ಒಂದು ಪದರ ನೀರು, ಅದರ ಒಳಗೂ ಹೊರಗೂ ಸೋಪು, ಅಷ್ಟೇ. ಒಣಗಿದ ಕೈ ಆ ನೀರನ್ನು ಎಳ್ಕೊಳ್ತದೆ, ಪದರ ಹರೀತದೆ. ಸೋಪುನೀರಲ್ಲಿ ಒದ್ದೆಯಾದ ಕೈಯಾದ್ರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ತನ್ನವರೇ ಅಂದ್ಕೊಂಡು ಕೂತ್ಕೊಳ್ತದೆ."

ಮಗ್ಗಿನಲ್ಲಿ ಸೋಪುನೀರು ಕಲಸಿ ವಾರಿಜಕ್ಕ ಕೈ ಅದ್ದಿದರು. ಶರ್ಮಿಳಾ ಮೆಲ್ಲನೆ ಊದಿದಳು. ಗುಳ್ಳೆ ಇಳಿದು ಬಂತು, ಅಂಗೈ ಮೇಲೆ ಒಮ್ಮೆ ನಡುಗಿತು, ಕವುಚಿಟ್ಟ ಬಟ್ಟಲಿನ ಹಾಗೆ ಕುಳಿತೇಬಿಟ್ಟಿತು. ಅದರ ಮೈಮೇಲೆ ಹಸಿರು, ನೇರಳೆ ಬಣ್ಣಗಳು ಹರಿದಾಡುತ್ತಿದ್ದವು. ವಾರಿಜಕ್ಕ ಉಸಿರು ಬಿಗಿಹಿಡಿದರು.

ಚೈತನ್ಯಾ ಅಳು ಮರೆತು ಹತ್ತಿರ ಬಂದಳು. ಕೇಳದೆಯೇ ತನ್ನ ಕೈಯನ್ನೂ ಮಗ್ಗಿನಲ್ಲಿ ಮುಳುಗಿಸಿ ಅಜ್ಜಿಯ ಅಂಗೈಗೆ ತಾಗಿಸಿದಳು. ಅಜ್ಜಿ ಕೈ ವಾಲಿಸಿದಾಗ ಗುಳ್ಳೆ ಜಾರಿ ಪುಟ್ಟ ಅಂಗೈಗೂ ಹರಡಿ ನಿಂತಿತು.

ಎಷ್ಟೋ ಹೊತ್ತಿನ ಮೇಲೆ ಶರ್ಮಿಳಾ ಕರೆದಳು. "ಚೈತೂ, ಮನೆಗೆ ಹೋಗುವಾ."

ಮಗು ತಲೆ ಎತ್ತಲಿಲ್ಲ. "ತುಮ್ ಜಾವೋ ಮಮ್ಮಾ. ಕಲ್ ಆಫೀಸ್ ಭೀ ಜಾವೋ."

ನೀನು ಹೋಗು, ನಾಳೆ ಆಫೀಸಿಗೂ ಹೋಗು ಎಂಬ ಅಪ್ಪಣೆ ಕೇಳಿ ವಾರಿಜಕ್ಕ ಗಹಗಹಿಸಿ ನಕ್ಕರು. ಕೈ ಅಲುಗಿ ಗುಳ್ಳೆ ಒಡೆದುಹೋಯಿತು. ಅವರ ನಗು ಅಲ್ಲಿಗೇ ನಿಂತಿತು.

ಚೈತನ್ಯಾ ಅಳಲಿಲ್ಲ. ಅಜ್ಜಿಯ ಕೈ ಹಿಡಿದು ಮತ್ತೆ ಮಗ್ಗಿನೊಳಗೆ ಅದ್ದಿದಳು.